ನಡೆದು ಬಂದ ಬೇಲಿ

ನಾನು ಅನುಮಾನದ ಹೆಂಗಸು. ಮೀನಿನವನು ತೂಕ ಹಾಕುವಾಗ ತಕ್ಕಡಿ ನೋಡುವುದಿಲ್ಲ, ಅವನ ಕಿರುಬೆರಳು ನೋಡುತ್ತೇನೆ. ಬಸ್ಸಿನಲ್ಲಿ ಯಾರಾದರೂ ತಾವಾಗಿ ಎದ್ದು ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರೆ, ಅಲ್ಲಿ ಮಳೆನೀರು ಸೋರುತ್ತಿದೆಯೇ ಎಂದು ಮುಟ್ಟಿ ನೋಡಿಯೇ ಕೂರುವುದು. ನಿವೃತ್ತಳಾಗುವವರೆಗೂ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಮಕ್ಕಳು ನನಗೆ 'ಸಿಐಡಿ' ಎಂದು ಅಡ್ಡಹೆಸರು ಇಟ್ಟಿದ್ದಾರೆಂದು ಗೊತ್ತಾದಾಗ ಬೇಸರವೇನೂ ಆಗಲಿಲ್ಲ. ಅದನ್ನು ಮೊದಲು ಇಟ್ಟವರು ಯಾರು ಎಂದು ಒಂದು ವಾರ ಹುಡುಕಿದೆ.

ಹುಟ್ಟಿದ್ದು ಹಾರಂಗಿಯ ಹತ್ತಿರದ ಬಯಲಿನಲ್ಲಿ. ನಮ್ಮಜ್ಜ ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವರು. ರಾಗಿ, ಜೋಳ, ಆಮೇಲೆ ಶುಂಠಿ. ನಮ್ಮ ಅಂಗಳದಲ್ಲಿ ಗೋಲಿ ಬಿಟ್ಟರೆ ಬಿಟ್ಟಲ್ಲೇ ಇರುತ್ತಿತ್ತು. ಮದುವೆಯಾಗಿ ಬಂದದ್ದು ಮಡಿಕೇರಿಯಿಂದ ಆಚೆಯ ಗುಡ್ಡಕ್ಕೆ. ಇಲ್ಲಿ ಮನೆ ಕಟ್ಟಬೇಕೆಂದರೆ ಮೊದಲು ಗುಡ್ಡವನ್ನು ಕಡಿದು ಮಟ್ಟ ಮಾಡಬೇಕು. ಕಡಿದ ಕಡೆ ಮನೆಯ ಹಿಂದೆ ಗೋಡೆಯಂತೆ ನಿಂತುಕೊಳ್ಳುವ ಮಣ್ಣಿಗೆ ಬರೆ ಎನ್ನುತ್ತಾರೆ. ಮದುಮಗಳಾಗಿ ಬಂದ ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಹೋದವಳು, ತಲೆಯ ಮೇಲೆ ಎದ್ದು ನಿಂತಿದ್ದ ಆ ಕೆಂಪು ಮಣ್ಣನ್ನು ನೋಡಿ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕೇಳಿದೆ, "ಇದು ಬೀಳಲ್ವಾ ಅತ್ತೆ?"

"ನಿನ್ ಗಂಡನ ಅಜ್ಜನ ಕಾಲದಿಂದ ನಿಂತಿದೆ. ಈಗ ನಿನ್ನ ನೋಡಿ ಬೀಳುತ್ತಾ?" ಎಂದರು ಅತ್ತೆ.

ಅತ್ತೆಯ ಕೋಣೆ ಆ ಬರೆಗೆ ಬೆನ್ನು ಕೊಟ್ಟೇ ಇದೆ. ಪಕ್ಕದಲ್ಲೇ ಬಚ್ಚಲು, ಹಂಡೆಯ ಒಲೆ. ಒಲೆಯ ಬಿಸಿಗೆ ಅವರ ಗೋಡೆ ಮಳೆಗಾಲದಲ್ಲೂ ಬೆಚ್ಚಗಿರುತ್ತಿತ್ತು. ಮಂಚದ ತಲೆಭಾಗವನ್ನು ಹಿಂದಿನ ಗೋಡೆಗೆ ಒತ್ತಿ ಇಟ್ಟುಕೊಂಡಿದ್ದರು. ಆ ಗೋಡೆಯಿಂದ ಬರೆಗೆ ಒಬ್ಬರು ಕೊಡ ಹೊತ್ತು ನಡೆಯುವಷ್ಟು ಜಾಗ. ಎಂಬತ್ತರ ಹತ್ತಿರದ ಅತ್ತೆಗೆ ಆ ಕೋಣೆಯೇ ರಾಜ್ಯ. ಒಳಗೆ ಯಾರಾದರೂ ಕಾಲಿಟ್ಟರೆ, ಏನು ಎತ್ತಿಕೊಂಡು ಹೋಗಲು ಬಂದರೋ ಎಂಬ ಹಾಗೆ ನೋಡುತ್ತಿದ್ದರು. ಅನುಮಾನದಲ್ಲಿ ಅವರು ನನಗಿಂತ ಹಿರಿಯರು.

ಬರೆಯ ಮೇಲೆ ನಮ್ಮದೇ ನಾಲ್ಕು ಸಾಲು ಕಾಫಿ. ಅದರ ಮೇಲೆ ಬೇಲಿ, ಬೇಲಿಯಾಚೆ ಪಕ್ಕದವರ ತೋಟ. ಬೇಲಿ ಎಂದರೆ ಹಾಲುವಾಣದ ಗೂಟಗಳು. ಕೊಂಬೆ ಕಡಿದು ನೆಟ್ಟರೆ ಬೇರು ಬಿಟ್ಟು ಮರವಾಗುವ ಜಾತಿ ಅದು. ಇಲ್ಲಿ ಹಾಲುವಾಣ ನೆರಳಿಗೂ ಬೇಕು, ಮೆಣಸಿನ ಬಳ್ಳಿಗೂ ಬೇಕು, ಗಡಿಗೂ ಬೇಕು. ಪ್ರತಿ ವರ್ಷ ಮಳೆಗೆ ಮುಂಚೆ ರೆಂಬೆ ಸವರಿ, ಸತ್ತ ಗೂಟ ಕಿತ್ತು ಹೊಸದು ನೆಡುತ್ತಾರೆ. ಮೋಸ ಇರುವುದೇ ಇಲ್ಲಿ. ಹೊಸ ಗೂಟವನ್ನು ಹಳೆಯ ಗುಂಡಿಯಲ್ಲೇ ನೆಡದೆ ಒಂದು ಗೇಣು ಆಚೆ ನೆಟ್ಟರೆ ಕೇಳುವವರು ಯಾರು? ಹೀಗೆ ವರ್ಷಕ್ಕೊಂದು ಗೇಣು ಪಕ್ಕದವರ ಜಾಗ ನುಂಗುವುದಕ್ಕೆ ನಮ್ಮೂರಲ್ಲಿ ಒಂದು ಮಾತೇ ಇದೆ, ಬೇಲಿ ನಡೆಸುವುದು. ಯಾರ ಮನೆಯಲ್ಲಾದರೂ ಎರಡು ಸಲ ಜೀಪು ಬದಲಾಯಿಸಿದರೆ "ಬೇಲಿ ಚೆನ್ನಾಗಿ ನಡೆಸಿದ್ದಾನೆ" ಎನ್ನುವುದುಂಟು.

ಮೇಲಿನ ತೋಟದವನು ನನ್ನ ಹಳೆಯ ವಿದ್ಯಾರ್ಥಿ. ಅವನಪ್ಪ ಇದ್ದಷ್ಟು ದಿನ ಬೇಲಿಯ ವಿಷಯದಲ್ಲಿ ನನಗೂ ನೆಮ್ಮದಿ ಇತ್ತು, ಏಕೆಂದರೆ ಆತ ಸೋಮಾರಿ. ಅಪ್ಪ ತೀರಿಕೊಂಡ ಮೇಲೆ ಮಗ ತೋಟವನ್ನು ಕೈಗೆತ್ತಿಕೊಂಡ. ಚುರುಕು ಹುಡುಗ, ಈಗ ನಲವತ್ತರ ಗಂಡಸು. ಬೇಲಿಯ ಕೆಲಸಕ್ಕೆ ಆಳು ಕರೆಯದೆ ತಾನೇ ಕತ್ತಿ ಹಿಡಿದು ಇಳಿಯುತ್ತಿದ್ದ. ಸ್ವಂತ ಕೈಯಿಂದ ಬೇಲಿ ಕಟ್ಟುವ ಶ್ರೀಮಂತನನ್ನು ಕಂಡರೆ ನನಗೆ ಆಗಲೇ ಒಂದು ಥರಾ.

ಅಡುಗೆಮನೆ ಕಿಟಕಿಯಿಂದ ಬೇಲಿ ಕಾಣುತ್ತದೆ. ಮೊದಲು ಅದು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಬರುಬರುತ್ತಾ ನಡುವಿನ ಮರಗಳು ನಮ್ಮ ಕಡೆಗೆ ಹೊಟ್ಟೆ ಮುಂದೆ ಮಾಡಿ ನಿಂತಂತೆ ಕಾಣತೊಡಗಿದವು. ಯಜಮಾನರಿಗೆ ಹೇಳಿದೆ. ಅವರು ಬೇರೊಂದು ಎಸ್ಟೇಟಿನಲ್ಲಿ ರೈಟರಾಗಿದ್ದವರು, ಅಳತೆ ಲೆಕ್ಕವೆಲ್ಲ ಅವರಿಗೆ ಸಲೀಸು. ಮೇಲೆ ಹೋಗಿ ಹೆಜ್ಜೆ ಹಾಕಿ ನೋಡಿ ಬಂದರು. "ನಮ್ಮ ಕೊನೇ ಸಾಲು ಕಾಫಿಯಿಂದ ಬೇಲಿಗೆ ಮೊದ್ಲು ಎಷ್ಟಿತ್ತೋ ಈಗ್ಲೂ ಅಷ್ಟೇ ಇದೆ ಮಾರಾಯ್ತಿ," ಎಂದರು.

"ಹಾಗಾದ್ರೆ ಕಾಫಿ ಗಿಡಾನೂ ಸರಿಸಿದಾನೆ," ಎಂದೆ.

ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಆ ವರ್ಷ ಮಳೆಗೆ ಮುಂಚೆ ಅವನು ಬೇಲಿಗೆ ಬಂದಾಗ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಬರೆ ಹತ್ತಿದೆ. "ಏನಪ್ಪಾ, ಈ ವರ್ಷ ಬೇಲಿ ಎಷ್ಟು ನಡೆಸಿದೆ?"

ಅವನು ತಮಾಷೆ ಎಂದುಕೊಂಡ. ನಗುತ್ತಲೇ ರೆಂಬೆ ಕಡಿಯುತ್ತಾ, "ನಾನೆಲ್ಲಿ ನಡೆಸಿದೆ ಟೀಚರೇ? ಅದೇ ನಡ್ದಿರ್ಬೇಕು. ನೆಲ ನಡೆಯುತ್ತೆ ಅಂತ ಕ್ಲಾಸಲ್ಲಿ ನೀವೇ ಹೇಳ್ಕೊಟ್ಟದ್ದಲ್ವಾ?" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಪಾಠವನ್ನೇ ತಂದು ನನಗೇ ಟೋಪಿ ಹಾಕುತ್ತಾನೆ! "ಕ್ಲಾಸಲ್ಲಿ ನಿದ್ದೆ ಮಾಡಿದ್ರೆ ಹೀಗೇ ಆಗೋದು," ಎಂದೆ. "ಇಡೀ ದೇಶ ಒಂದೇ ಬಸ್ಸು ಕಣೋ. ನಿನ್ ತೋಟ ಮುಂದಿನ ಸೀಟು, ನಮ್ಮನೆ ಹಿಂದಿನ ಸೀಟು. ಬಸ್ಸು ಕುಶಾಲನಗರದಿಂದ ಮಡಿಕೇರಿಗೆ ಹೋದ್ರೆ ಮುಂದಿನ ಸೀಟು ಬಂದು ನನ್ ತೊಡೆ ಮೇಲೆ ಕೂರುತ್ತಾ? ಇರ್ಲಿ, ಸರ್ವೆ ಮಾಡಿಸ್ತೀನಿ."

ಸರ್ವೆ ಎಂದದ್ದೇ ತಡ ಅವನ ಮುಖ ಬಿಳುಚಿತು. ಕತ್ತಿ ಹಿಡಿದ ಕೈ ಕೆಳಗಿಳಿಯಿತು. ಅರ್ಧ ಕಡಿದ ರೆಂಬೆ ಅಲ್ಲೇ ಬಿಟ್ಟು ಮೇಲೆ ಹೋದ. ಸಿಕ್ಕಿಬಿದ್ದ ಎಂದುಕೊಂಡೆ. ಅಂದು ಮಧ್ಯಾಹ್ನ ನನಗೆ ಊಟ ರುಚಿಸಿತು.

ಆ ಪಾಠದ ವಿಷಯ ಇಲ್ಲಿ ಹೇಳಬೇಕು. ಭೂಖಂಡಗಳು ಚಲಿಸುತ್ತವೆ ಎಂಬುದನ್ನು ಕಲಿಸುವ ಮೊದಲು ನಾನೇ ನಂಬಿರಲಿಲ್ಲ. ಭೂಪಟದಲ್ಲಿ ದಕ್ಷಿಣ ಅಮೆರಿಕದ ಹೊಟ್ಟೆ ಆಫ್ರಿಕದ ಮಡಿಲಿಗೆ ಸರಿಯಾಗಿ ಕೂರುತ್ತದೆ, ನಿಜ. ಅದರಿಂದೇನು? ನನ್ನ ಮೂಗೂ ನಮ್ಮೂರ ಬಸ್ಸಿನ ಕಂಡಕ್ಟರನ ಮೂಗೂ ಒಂದೇ ಅಚ್ಚು. ನಾವೇನು ಅಣ್ಣ ತಂಗಿಯೇ? ಆಮೇಲೆ ಉಳಿದ ಸಾಕ್ಷಿಗಳನ್ನು ಓದಿದೆ. ಸಮುದ್ರದ ಆಚೆ ಈಚೆ ಒಂದೇ ಥರದ ಕಲ್ಲಿನ ಪದರಗಳು, ಒಂದೇ ಕ್ರಮದಲ್ಲಿ. ಸಮುದ್ರ ಈಜಲಾಗದ ಪುಟ್ಟ ಪ್ರಾಣಿಯೊಂದರ ಎಲುಬುಗಳು ಎರಡೂ ಕಡೆಯ ಕಲ್ಲಿನಲ್ಲಿ. ಇಂದು ಬಿಸಿಲಲ್ಲಿ ಬೇಯುವ ದೇಶಗಳ ಬಂಡೆಗಳ ಮೇಲೆ ಹಿಮದ ರಾಶಿ ಉಜ್ಜಿ ಹೋದ ಗೀರುಗಳು, ನಮ್ಮ ದೇಶದಲ್ಲೂ. ತರಗತಿಯಲ್ಲಿ ಇದನ್ನು ತೋರಿಸಲು ಮನೆಯಿಂದ ಅಕ್ಕಿರೊಟ್ಟಿ ಒಯ್ಯುತ್ತಿದ್ದೆ. ಎರಡು ತುಂಡು ಮಾಡಿ, ದೂರ ದೂರದ ಬೆಂಚಿನಲ್ಲಿಟ್ಟು, ಒಂದೇ ರೊಟ್ಟಿ ಎಂದು ಹೇಗೆ ಹೇಳುತ್ತೀರಿ ಎಂದು ಕೇಳುವುದು. ಅಂಚು ನೋಡಿ ಎಂದು ಕೆಲವರು ಹೇಳುತ್ತಿದ್ದರು. ಅಂಚನ್ನು ಯಾರು ಬೇಕಾದರೂ ಹಲ್ಲಲ್ಲಿ ಕಚ್ಚಿ ಸರಿಮಾಡಬಹುದು. ಹೆಂಚಿನ ಮೇಲೆ ಸೀದ ಕಂದು ಕಲೆ ಈ ತುಂಡಿನಲ್ಲಿ ಎಲ್ಲಿ ನಿಂತಿದೆಯೋ ಆ ತುಂಡಿನಲ್ಲಿ ಅಲ್ಲಿಂದಲೇ ಮುಂದುವರಿದರೆ ಮಾತ್ರ ನಾನು ಒಪ್ಪುವುದು. ಎರಡು ತುಂಡನ್ನೂ ಒಂದೇ ಕಡೆ ತರದೆ ಅದು ಗೊತ್ತಾಗುವುದಿಲ್ಲ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವನು ಹವಾಮಾನ ಅಧ್ಯಯನ ಮಾಡುತ್ತಿದ್ದವನು. ಕಲ್ಲಿನ ಪಂಡಿತರು ಅವನನ್ನು ಕೇಳಿದ ಪ್ರಶ್ನೆ ಒಂದೇ: ಸರಿ, ಇಷ್ಟು ಭಾರದ ನೆಲವನ್ನು ತಳ್ಳಿದ್ದು ಯಾರು? ಅವನಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಅವನು ಸಾಯುವವರೆಗೂ ಹೆಚ್ಚಿನವರು ನಂಬಲಿಲ್ಲ. ಆ ಕಾಲದಲ್ಲಿ ನಾನಿದ್ದಿದ್ದರೆ ಪಂಡಿತರ ಸಾಲಿನಲ್ಲೇ ಕೂತು ತಲೆ ಅಲ್ಲಾಡಿಸುತ್ತಿದ್ದೆ. ಕೈ ಕಾಣದೆ ಕಳ್ಳತನ ಒಪ್ಪುವುದು ಹೇಗೆ?

ಕೈ ಸಿಕ್ಕಿದ್ದು ಸಮುದ್ರದ ತಳದಲ್ಲಿ. ನೀರಿನಡಿಯಲ್ಲಿ ಉದ್ದಕ್ಕೂ ಬೆಟ್ಟದ ಸಾಲುಗಳಿವೆ, ಅವುಗಳ ನಡುವೆ ಬಿರುಕು. ಬಿರುಕಿನಿಂದ ಕರಗಿದ ಕಲ್ಲು ಮೇಲೆ ಬಂದು ಆರಿ ಹೊಸ ತಳವಾಗುತ್ತದೆ, ಹಳೆಯದು ಎರಡೂ ಬದಿಗೆ ಸರಿಯುತ್ತದೆ. ಸರಿಯುತ್ತಾ ಸರಿಯುತ್ತಾ ತಣ್ಣಗಾಗಿ ಭಾರವಾದ ಹಳೇ ತಳ ದೂರದ ಅಂಚಿನಲ್ಲಿ ಬಾಗಿ ಭೂಮಿಯೊಳಕ್ಕೆ ಮುಳುಗುತ್ತದೆ, ಮುಳುಗುವಾಗ ತನ್ನ ಹಿಂದಿರುವುದನ್ನೆಲ್ಲ ಎಳೆದುಕೊಳ್ಳುತ್ತದೆ. ಹಗ್ಗದ ಮೇಲೆ ಹಾಕಿದ ಒದ್ದೆ ಕಂಬಳಿಯ ಒಂದು ತುದಿ ಹೆಚ್ಚು ಇಳಿಬಿದ್ದರೆ ಇಡೀ ಕಂಬಳಿ ಅತ್ತಲೇ ಜಾರುವ ಹಾಗೆ. ಅಡಿಯಲ್ಲಿರುವ ಕಲ್ಲು ಗಟ್ಟಿಯೇ ಆದರೂ ಕಾದಿರುವುದರಿಂದ, ಯುಗಗಟ್ಟಲೆ ಕೊಟ್ಟರೆ ನಿಧಾನವಾಗಿ ಹರಿಯುತ್ತದೆ. ಆ ಕಾವು ಭೂಮಿ ಹುಟ್ಟಿದಾಗಿನಿಂದ ಉಳಿದದ್ದು ಸ್ವಲ್ಪ, ಒಳಗಿನ ವಿಕಿರಣ ಧಾತುಗಳು ಒಡೆಯುತ್ತಾ ಕೊಡುವುದು ಸ್ವಲ್ಪ. ನಮ್ಮ ದೇಶ ದಕ್ಷಿಣದ ದೊಡ್ಡ ಭೂಖಂಡದಿಂದ ಬಿಡಿಸಿಕೊಂಡು, ಮಡಗಾಸ್ಕರನ್ನು ದಾರಿಯಲ್ಲಿ ಬಿಟ್ಟು, ಉತ್ತರಕ್ಕೆ ಬಂದು ಏಷ್ಯಾಕ್ಕೆ ಗುದ್ದಿ ಹಿಮಾಲಯವನ್ನು ಎಬ್ಬಿಸಿತು. ಈಗಲೂ ಬೆರಳ ತುದಿಯ ಉಗುರು ಬೆಳೆಯುವ ವೇಗದಲ್ಲಿ ಅತ್ತಲೇ ಒತ್ತುತ್ತಿದೆ. ಕೊಡಗಿನ ಹಳೆಯ ಕಲ್ಲುಗಳು ಕೂಡ ಎಂದೋ ಬೇರೆ ಕಡೆಯಿಂದ ಬಂದು ಇಲ್ಲಿ ಅಂಟಿಕೊಂಡ ತುಂಡು ಎಂದು ಕೆಲವರು ಹೇಳುತ್ತಾರೆ. ಇದನ್ನು ಓದಿದ ದಿನ ನನಗೆ ಬಹಳ ಖುಷಿಯಾಯಿತು. ಮದುವೆಯಾದಾಗಿನಿಂದ ಅತ್ತೆ ನನ್ನನ್ನು 'ಬಯಲಿಂದ ಬಂದವಳು' ಎನ್ನುತ್ತಿದ್ದರು. "ಈ ಗುಡ್ಡಾನೂ ಬಂದಿದ್ದೇ ಅಂತೆ ಅತ್ತೆ," ಎಂದೆ. "ಬಂದದ್ದು ಸುಮ್ನೆ ಕೂತಿದೆಯಲ್ಲ, ನಿನ್ ಹಾಗೆ ಮಾತಾಡಲ್ವಲ್ಲ," ಎಂದರು.

ಬೇಲಿಯ ಜಗಳದ ನಂತರ ಎರಡು ಮನೆಗೂ ಮಾತು ನಿಂತಿತು. ಅದಕ್ಕೆ ಮೊದಲು ಪ್ರತಿ ವರ್ಷ, ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಅವನ ಹೆಂಡತಿ ನಮ್ಮ ಹಿತ್ತಲಿಗೆ ಬಂದು ಮದ್ದುಸೊಪ್ಪು ಕೊಯ್ದು, ಸಂಜೆ ಅದರ ನೇರಳೆ ಬಣ್ಣದ ಪಾಯಸವನ್ನು ಅತ್ತೆಗೆ ಕಳುಹಿಸುತ್ತಿದ್ದಳು. ಅದೂ ನಿಂತಿತು. ಅತ್ತೆ ಅದಕ್ಕೆ ನನ್ನ ಮೇಲೆ ಮುನಿಸಿಕೊಂಡರು.

ನನ್ನ ಕಣ್ಣು ಮಾತ್ರ ಬೇಲಿಯ ಮೇಲೇ ಇತ್ತು. ಒಮ್ಮೆ ಅನುಮಾನ ಹೊಕ್ಕರೆ ಮನೆಯ ಎಲ್ಲ ತೊಂದರೆಗೂ ಒಬ್ಬ ಮನುಷ್ಯ ಸಿಗುತ್ತಾನೆ. ಅತ್ತೆಯ ಕೋಣೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತು. ಬಡಗಿ ಹಸಿ ಮರ ಹಾಕಿ ಮೋಸ ಮಾಡಿದ ಎಂದೆ. ಬರೆಯ ಬುಡದಲ್ಲಿ ಹಿಂದೆಂದೂ ಇಲ್ಲದ ಕಡೆ ಕೆಂಪು ನೀರು ಜಿನುಗಿತು; ಮೇಲಿನವನು ಬೇಕೆಂದೇ ಪೈಪು ನಮ್ಮ ಕಡೆ ಬಿಟ್ಟಿದ್ದಾನೆ ಎಂದೆ. ಬಟ್ಟೆ ಒಣಗಿಸುವ ಹಗ್ಗ ಮತ್ತೆ ಮತ್ತೆ ಸಡಿಲವಾಗಿ ಸೀರೆಗಳು ನೆಲ ಗುಡಿಸತೊಡಗಿದವು; ಕುಶಾಲನಗರದ ಅಂಗಡಿಯವನು ಕಳಪೆ ನೈಲಾನು ಕೊಟ್ಟ ಎಂದೆ.

ಆ ಹಗ್ಗದ ಒಂದು ತುದಿ ಅತ್ತೆಯ ಕೋಣೆಯ ಕಿಟಕಿ ಸರಳಿಗೆ, ಇನ್ನೊಂದು ತುದಿ ಬೇಲಿಯ ಮೂಲೆಯ ಹಾಲುವಾಣಕ್ಕೆ. ಮೂಲೆಯಲ್ಲಿ ಬರೆ ತಗ್ಗಾಗಿ ಬೇಲಿ ಅಂಗಳದ ಮಟ್ಟಕ್ಕೇ ಇಳಿದು ಬರುತ್ತದೆ. ಆ ಮರ ಮಾವನವರು ನೆಟ್ಟದ್ದು. ಅವರು ಬಿಗಿದ ಮುಳ್ಳುತಂತಿಯನ್ನು ಕಾಂಡ ಎಂದೋ ನುಂಗಿ ಮೇಲೆ ತೊಗಟೆ ಬೆಳೆಸಿಕೊಂಡಿದೆ. ಪ್ರತಿ ಮಳೆಗಾಲ ಕಳೆದ ಮೇಲೂ ಹಗ್ಗ ಬಿಚ್ಚಿ, ಎಳೆದು, ಮಿಕ್ಕ ತುಂಡನ್ನು ಕತ್ತರಿಸಿ ಮತ್ತೆ ಕಟ್ಟುತ್ತಿದ್ದೆ. ಕೊನೆಗೆ ಹಟ ಬಂತು. ಅಂಗಡಿಯವನಿಗೆ ಬುದ್ಧಿ ಕಲಿಸಬೇಕೆಂದು ನೈಲಾನು ಬಿಟ್ಟು ದಪ್ಪ ಕಬ್ಬಿಣದ ತಂತಿ ತಂದು, ಯಜಮಾನರಿಂದ ಇಕ್ಕಳದಲ್ಲಿ ಬಿಗಿಸಿ ಕಟ್ಟಿಸಿದೆ. ಬೆರಳಲ್ಲಿ ಮೀಟಿದರೆ ಠಣ್ ಎನ್ನುತ್ತಿತ್ತು.

ಆ ವರ್ಷದ ಮಳೆಯೂ ಮುಗಿಯಿತು. ಬಿಸಿಲು ಬಿದ್ದ ದಿನ ಅತ್ತೆಯ ಕಂಬಳಿ ಹಾಕಲು ಹಿತ್ತಲಿಗೆ ಹೋದೆ. ತಂತಿ ತೊಟ್ಟಿಲಿನ ಹಾಗೆ ಜೋತುಬಿದ್ದಿತ್ತು.

ಕಂಬಳಿ ಹೆಗಲ ಮೇಲೇ ಇತ್ತು. ಗಂಟು ನೋಡಿದೆ, ಬಿಗಿಯಾಗಿದೆ. ಸರಳು ನೋಡಿದೆ, ಬಾಗಿಲ್ಲ. ನೈಲಾನು ಹಿಗ್ಗಬಹುದು, ಇಷ್ಟು ದಪ್ಪದ ತಂತಿ ಎಲ್ಲಿಗೆ ಹಿಗ್ಗುತ್ತದೆ? ತಂತಿ ಹಿಗ್ಗದಿದ್ದರೆ ಅದರ ಎರಡು ತುದಿ ಹತ್ತಿರ ಬಂದಿರಬೇಕು. ಒಂದು ತುದಿ ಮನೆ. ಇನ್ನೊಂದು ತುದಿ ಮರ. ಹೊಸ ಗೂಟವನ್ನು ಯಾರು ಬೇಕಾದರೂ ಗೇಣು ಆಚೆ ನೆಡಬಹುದು, ಮಾವನವರ ಮುಳ್ಳುತಂತಿ ನುಂಗಿ ನಿಂತ ಮರವನ್ನು ಬೇರು ಸಮೇತ ಯಾರು ನಡೆಸುತ್ತಾರೆ?

ಆಗ ನನಗೆ ಹೆದರಿಕೆಯಾಯಿತು. ಮನುಷ್ಯರ ಮೇಲೆ ಅನುಮಾನ ಬಂದಾಗ ಒಂದು ಥರದ ಹುರುಪು ಇರುತ್ತದೆ. ಇದರಲ್ಲಿ ಅದೇನೂ ಇರಲಿಲ್ಲ. ತಲೆಯೆತ್ತಿ ಬರೆ ನೋಡಿದೆ. ಮೇಲಿನ ಸಿಲ್ವರ್ ಓಕ್ ಮರಗಳು ಬುಡದಲ್ಲಿ ಮೊಣಕೈಯ ಹಾಗೆ ಬಾಗಿ ಮತ್ತೆ ನೆಟ್ಟಗಾಗಿದ್ದವು. ಅಷ್ಟು ವರ್ಷ ಅದನ್ನು ನೋಡಿದ್ದೆ, ಗಾಳಿಗೆ ಹಾಗಾಗಿದೆ ಎಂದುಕೊಂಡಿದ್ದೆ. ಕಾಲ ಕೆಳಗಿನ ಮಣ್ಣು ಇಳಿಯುತ್ತಿದ್ದರೆ ಮರ ಪ್ರತಿ ವರ್ಷ ಮತ್ತೆ ನೆಟ್ಟಗಾಗಲು ನೋಡುತ್ತದೆ. ಬಾಗಿಲು, ಕೆಂಪು ನೀರು, ಬೇಲಿಯ ಹೊಟ್ಟೆ, ಎಲ್ಲ ಒಂದೇ. ಯಜಮಾನರ ಹೆಜ್ಜೆ ಲೆಕ್ಕವೂ ಸರಿಯಾಗಿತ್ತು. ಕಾಫಿ, ಬೇಲಿ, ಗಡಿಕಲ್ಲು ಮೂರೂ ಒಂದೇ ಬಸ್ಸಿನಲ್ಲಿ ಕೂತು ಬರುತ್ತಿದ್ದರೆ ಸೀಟಿಂದ ಸೀಟಿಗೆ ಅಳೆದು ಏನು ತಿಳಿದೀತು? ಬಸ್ಸು ಹೊರಟಿದೆಯೇ ಎಂದು ತಿಳಿಯಲು ಹೊರಗೆ ನಿಂತ ಏನಕ್ಕಾದರೂ ಹಗ್ಗ ಕಟ್ಟಿರಬೇಕು. ನಾನು ವರ್ಷ ವರ್ಷ ಕಟ್ಟಿದ್ದೆ, ವರ್ಷ ವರ್ಷ ಬಿಚ್ಚಿ ಅಂಗಡಿಯವನನ್ನು ಬೈದಿದ್ದೆ.

ಭೂಖಂಡ ಚಲಿಸುವುದಕ್ಕೂ ಬರೆ ಜಾರುವುದಕ್ಕೂ ನೇರ ಸಂಬಂಧವಿಲ್ಲ. ಅದು ಭೂಮಿಯ ಒಳಗಿನ ಕಾವಿನ ಕೆಲಸ. ಇದು ನೀರು ಕುಡಿದ ಮಣ್ಣು ಇಳಿಜಾರಿನಲ್ಲಿ ನಿಲ್ಲಲಾರದೆ ಇಳಿಯುವುದು. ಆದರೆ ಅಲ್ಲಿ ಮುಳುಗುವ ತಳವನ್ನು ಎಳೆಯುವುದು, ಇಲ್ಲಿ ಬರೆಯನ್ನು ಎಳೆಯುವುದು, ಎರಡೂ ತಮ್ಮ ತಮ್ಮ ಭಾರವೇ. ಅಷ್ಟು ದೊಡ್ಡದನ್ನು ಕಲಿಸಿದವಳಿಗೆ ಹಿತ್ತಲಿನದು ಕಾಣಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಅತ್ತೆ ಆಗ ಒಳಗೆ ಮಂಚದ ಮೇಲೆ, ಆ ಗೋಡೆಗೆ ತಲೆಯಿಟ್ಟು ಮಲಗಿದ್ದರು.

ಮೇಲಿನ ಮನೆಗೆ ಹೋದೆ. ಅವರ ಮನೆ ತೋಟದ ಆ ತುದಿಯಲ್ಲಿ, ಬಂಡೆಯ ಮೇಲಿದೆ. ನಮ್ಮ ಕಡೆಗೆ ಚಾಚಿಕೊಂಡಿರುವುದು ಕಾಫಿ ಒಣಗಿಸುವ ಸಿಮೆಂಟಿನ ಕಣ. ಅವನು ಕಣದಲ್ಲೇ ಇದ್ದ. ನನ್ನನ್ನು ಕಂಡು ನಿಂತ ಜಾಗ ಬಿಟ್ಟು ಕದಲಲಿಲ್ಲ, ಏನನ್ನೋ ಮುಚ್ಚಿ ನಿಂತವನ ಹಾಗೆ.

"ಬೇಲಿ ನೀನು ನಡೆಸಿದ್ದಲ್ಲ. ಬರೆ ಬರ್ತಿದೆ," ಎಂದೆ.

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಇದರಲ್ಲೇನು ಒಳಮರ್ಮ ಎಂದು ಹುಡುಕುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು; ಆ ನೋಟ ನನಗೆ ಹೊಸದಲ್ಲ. ತಂತಿಯ ವಿಷಯ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನು ಪಕ್ಕಕ್ಕೆ ಸರಿದ. ಅವನು ನಿಂತಿದ್ದ ಕಡೆ ಕಣದ ಉದ್ದಕ್ಕೂ ಹೊಸ ಸಿಮೆಂಟಿನ ಪಟ್ಟಿ, ಅದರ ಪಕ್ಕದಲ್ಲಿ ಅದಕ್ಕಿಂತ ಹಳೆಯದೊಂದು, ಎರಡರ ನಡುವೆ ಮತ್ತೆ ಬಾಯಿಬಿಟ್ಟ ಬಿರುಕು.

"ಎಷ್ಟು ಸಲ ಮುಚ್ಚಿದೆ ಟೀಚರೇ. ಮತ್ತೆ ಬಿಡುತ್ತೆ."

"ಯಾವಾಗಿಂದ?"

"ನೀವು ಸರ್ವೆ ಅಂದ್ರಲ್ಲ, ಅದಕ್ಕಿಂತ ಸ್ವಲ್ಪ ಮುಂಚೆಯಿಂದ. ಸರ್ವೆಯವ್ರು ಬಂದ್ರೆ ಇದೂ ಕಾಣುತ್ತೆ, ನಾನೇ ಕಣ ಕಟ್ಟಿ ನಿಮ್ ಬರೆ ಹಾಳು ಮಾಡ್ದೆ ಅಂತ ನೀವು ಕೇಸು ಹಾಕ್ತೀರ ಅಂದ್ಕೊಂಡೆ. ಅದಕ್ಕೇ ಯಾರಿಗೂ ಹೇಳ್ಲಿಲ್ಲ."

ರೊಟ್ಟಿಯ ಒಂದು ತುಂಡು ಅವನ ಕೈಯಲ್ಲಿತ್ತು, ಇನ್ನೊಂದು ನನ್ನ ಕೈಯಲ್ಲಿ. ಇಬ್ಬರೂ ತಮ್ಮ ತಮ್ಮ ತುಂಡು ಮುಚ್ಚಿಟ್ಟುಕೊಂಡು ಕೂತಿದ್ದೆವು. ಅವನು ಹೇಳಿದ್ದು ಸರಿ. ಆಗ ಬಿರುಕು ಕಂಡಿದ್ದರೆ ನಾನು ಖಂಡಿತ ಕೇಸು ಹಾಕುತ್ತಿದ್ದೆ.

ಯಜಮಾನರಿಗೆ ಒಪ್ಪಿಸಲು ತಂತಿಯೇ ಸಾಕಾಯಿತು. ಮುಂದಿನ ಮಳೆಗೆ ಮುಂಚೆ ಮನೆ ಬಿಡುವುದೆಂದಾಯಿತು. ಬಿಡದವರು ಅತ್ತೆ. ಬರೆ ಬರುತ್ತಿದೆ, ಕೋಣೆ ಖಾಲಿ ಮಾಡಬೇಕು ಎಂದಾಗ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ರೂಮು ಬೇಕಿದ್ರೆ ಬಾಯಿಬಿಟ್ಟು ಕೇಳು. ಗುಡ್ಡದ ಮೇಲೆ ಯಾಕೆ ಹಾಕ್ತೀಯ? ಟಿವಿ ಇಡೋಕೆ ಜಾಗ ಇಲ್ಲ ಅಂತ ನೀನು ಹೋದ ವರ್ಷ ಅಂದದ್ದು ನಂಗೆ ಕೇಳಿಸಿದೆ."

ಅಂದದ್ದು ನಿಜ. ಅತ್ತೆಯ ಮಂಚ, ಅತ್ತೆಯ ತಲೆ, ಆ ಗೋಡೆ, ಇದೇ ನನ್ನ ಕಣ್ಣ ಮುಂದೆ ಬರುತ್ತಿತ್ತು. ಅತ್ತು ಹೇಳಿದೆ. ಅತ್ತಿದ್ದು ಅವರಿಗೆ ಇನ್ನೂ ಅನುಮಾನ ತಂದಿತು. ಮಗ ಹೇಳಿದರೆ, "ಅವಳು ಹೇಳ್ಕೊಟ್ಟದ್ದು," ಎಂದರು. ಮಳೆ ಹಿಡಿಯಿತು, ಅವರು ಬಾಗಿಲಿಗೆ ಚಿಲಕ ಹಾಕಿಕೊಂಡು ಕೂತರು.

ಕೊನೆಗೆ ಮೇಲಿನವನೇ ಇಳಿದು ಬಂದ. ಒದ್ದೆ ಕೊಡೆಯನ್ನು ಜಗುಲಿಯಲ್ಲಿಟ್ಟು ಅವರ ಕೋಣೆಯ ಬಾಗಿಲಲ್ಲಿ ಕೂತ. "ದೊಡ್ಡಮ್ಮ, ನಮ್ ಕಣ ಒಡೆದು ಹೋಗಿದೆ. ಮೂರು ಸಲ ಸಿಮೆಂಟು ಮೆತ್ತಿ ಮುಚ್ಚಿಟ್ಟೆ. ನೋಡಿದವ್ರು ಯಾರೂ ನಮ್ ತೋಟಕ್ಕೆ ಬೆಲೆ ಕೊಡಲ್ಲ, ಅದಕ್ಕೇ ಹೇಳ್ಲಿಲ್ಲ. ನಿಮಗೆ ಹೇಳ್ತಿದೀನಿ."

ಅತ್ತೆ ಚಿಲಕ ತೆಗೆದರು. ಅವನನ್ನೇ ನೋಡುತ್ತಾ ಎಲೆಗೆ ಸುಣ್ಣ ಹಚ್ಚಿದರು. ತನ್ನ ತೋಟದ ಬೆಲೆ ಇಳಿಸಿಕೊಂಡು ಸುಳ್ಳು ಹೇಳುವ ಮನುಷ್ಯ ಈ ಕೊಡಗಿನಲ್ಲಿ ಇದುವರೆಗೆ ಹುಟ್ಟಿಲ್ಲ ಎಂದು ಅವರಿಗೆ ಗೊತ್ತಿತ್ತು. "ನಿಮ್ಮಲ್ಲಿ ಒಲೆ ಪಕ್ಕ ಮಂಚ ಹಾಕಿಸ್ತೀಯಾ?" ಎಂದು ಕೇಳಿದರು.

ಮೂವರೂ ಮೇಲಿನ ಮನೆಗೆ ಹೋದೆವು. ನಾವು ಬೇಡವೆಂದರೂ ಅವನ ಹೆಂಡತಿ ಬಿಸಿನೀರು ತಂದಿಟ್ಟಳು. ಇಷ್ಟು ಉಪಚಾರ ಏಕೆ ಎಂದು ನಾನು ಮೊದಲ ದಿನಗಳಲ್ಲಿ ಯೋಚಿಸಿದ್ದುಂಟು. ದಿನ ಹೋಯಿತು, ಬರೆ ಬೀಳಲಿಲ್ಲ. ಅತ್ತೆ ದಿನಕ್ಕೊಮ್ಮೆ "ಎಲ್ಲಿ ನಿನ್ ಗುಡ್ಡ, ಬಂತಾ?" ಎಂದು ಕೇಳುತ್ತಿದ್ದರು. ಹೇಳಲು ಕೆಟ್ಟದೆನಿಸುತ್ತದೆ, ಒಂದೊಂದು ಸಲ ಬಿದ್ದೇಹೋಗಲಿ ಎಂದು ನಾನು ಬಯಸಿದ್ದೇನೆ.

ಕಕ್ಕಡದ ಪಾಯಸದ ದಿನ ಮಧ್ಯಾಹ್ನ ಎಲೆಯ ಮುಂದೆ ಕೂತಿದ್ದೆವು. ಅತ್ತೆಯ ತುಟಿ ನೇರಳೆ ಬಣ್ಣವಾಗಿತ್ತು. ಕೆಳಗಿನಿಂದ ಲಾರಿ ಜಲ್ಲಿ ಸುರಿದಂಥ ಸದ್ದು ಬಂತು, ಸ್ವಲ್ಪ ಹೊತ್ತು, ಅಷ್ಟೇ. ಆಮೇಲೆ ಬರೀ ಮಳೆ. ಅತ್ತೆ ಪಾಯಸದ ಬಟ್ಟಲು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. ಮದುವೆಯಾದಾಗಿನಿಂದ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ಮಳೆ ಬಿಟ್ಟ ಮೇಲೆ ಸರ್ವೆಯವರು ಬಂದರು. ಈಗಿನವರು ಸರಪಳಿ ಎಳೆಯುವುದಿಲ್ಲ. ಉಪಗ್ರಹ ನೋಡಿ ಅಳೆಯುವ ಕೋಲು ನೆಟ್ಟು ನಿಲ್ಲುತ್ತಾರೆ. ಮುಂಭಾಗ ಉಳಿದಿತ್ತು. ಅತ್ತೆಯ ಕೋಣೆಯ ಜಾಗದಲ್ಲಿ ಕೆಂಪು ಮಣ್ಣು, ಅದರಲ್ಲಿ ನಮ್ಮ ಕಾಫಿ ಗಿಡ ಅಡ್ಡಡ್ಡ. ಕಣದ ಅರ್ಧವೂ ಕೆಳಗೆ ಬಂದಿತ್ತು. ಸರ್ವೆಯವರು ಕೋಲು ಹಿಡಿದು ಹತ್ತಿ ಇಳಿದು ಸುಸ್ತಾಗಿ ಹೇಳಿದರು, "ಹಳೇ ಅಳತೆ ಪ್ರಕಾರ ನಿಮ್ ಗಡಿ ಅಲ್ಲಿ ಬರುತ್ತೆ. ಆದ್ರೆ ಅಲ್ಲಿ ಈಗ ನೆಲಾನೇ ಇಲ್ಲ." ಅವರು ತೋರಿಸಿದ ಕಡೆ ಬರೀ ಗಾಳಿ ಇತ್ತು. "ಕಲ್ಲು ಎಲ್ಲಿ ನೆಡಲಿ?"

ಮೇಲಿನವನು ನನ್ನ ಕಡೆ ತಿರುಗಲೂ ಇಲ್ಲ. "ಟೀಚರ್ ಎಲ್ಲಿ ಹೇಳ್ತಾರೋ ಅಲ್ಲಿ," ಎಂದ.

ತಕ್ಷಣ ನನಗೆ ಅನುಮಾನ ಬಂತು. ಇವನಿಗೇನು ಲಾಭ? ಹುಟ್ಟುಗುಣ, ಏನು ಮಾಡುವುದು. ಆಮೇಲೆ ಮಣ್ಣಿನ ಕಡೆ ನೋಡಿದೆ. ಬೇಲಿಯ ಒಂದು ಹಾಲುವಾಣ ಬೀಳದೆ, ನಿಂತೇ ಕೆಳಗಿಳಿದು ಬಂದಿತ್ತು. ಆಗಲೇ ಚಿಗುರಿತ್ತು. ಅದರ ಬುಡದಲ್ಲಿ ಅತ್ತೆಯ ಮಂಚದ ಒಂದು ಕಾಲು ಮಣ್ಣಿನಿಂದ ಹೊರಗೆ ಚಾಚಿತ್ತು, ತಲೆಭಾಗದ ಕಾಲು.

ಆ ಮರದ ಬುಡ ತೋರಿಸಿ, "ಇಲ್ಲೇ ನೆಡಿ," ಎಂದೆ. "ಇನ್ನು ಮುಂದೆ ಬರದಿದ್ರೆ ಸಾಕು."

ಹಿಂದಿನಿಂದ ಕೊಡೆಯ ತುದಿ ನನ್ನ ಬೆನ್ನಿಗೆ ತಿವಿಯಿತು. ಅತ್ತೆ ಯಾವಾಗ ಇಳಿದು ಬಂದರೋ.

"ಏನೇ, ನನ್ ರೂಮು ಅವನಿಗೆ ಬರ್ಕೊಟ್ಟೆಯಾ? ಇದಕ್ಕೇ ಅಲ್ವಾ ನನ್ನ ಎಬ್ಬಿಸಿದ್ದು? ನಂಗೆ ಆಗ್ಲೇ ಗೊತ್ತಿತ್ತು."

ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ನನ್ನ ಮೇಲೆ ಅನುಮಾನ ಪಡಲು ಅತ್ತೆ ಅಲ್ಲಿ ನಿಂತಿದ್ದರಲ್ಲ, ಅದನ್ನು ನೋಡಿ ಅಳು ಬಂತು.